ಬೊಲೆರೊ ಹಿಂದೆ ಎಳೆಯೋ ಕ್ಯಾಂಪರ್ ಟ್ರೇಲರನ್ನ ನಾನೇ ವೆಲ್ಡ್ ಮಾಡಬಹುದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕೆಲಸ ಬ್ಯಾಂಕಿನಲ್ಲಿ, ವೆಲ್ಡಿಂಗ್ ಭಾನುವಾರದ ಹುಚ್ಚು. ಎರಡು ವರ್ಷದ ಹಿಂದೆ 200 ಆಂಪ್ಸ್ ಇನ್ವರ್ಟರ್ ಮಷೀನ್ ತಗೊಂಡು ಮನೆ ಗೇಟು, ಕಿಟಕಿ ಗ್ರಿಲ್ಲು, ಹೂಕುಂಡದ ಸ್ಟ್ಯಾಂಡು ಮಾಡಿದ್ದೇನೆ. ಈಗ ಸಣ್ಣ ಕ್ಯಾಂಪರ್ ಟ್ರೇಲರ್ ಮಾಡೋ ಆಸೆ. ಇಬ್ಬರು ಮಲಗುವಷ್ಟು ಪೆಟ್ಟಿಗೆ, ಹಿಂದಿನ ಬಾಗಿಲು ಎತ್ತಿದರೆ ಪುಟ್ಟ ಅಡುಗೆಮನೆ. ಫ್ರೇಮು 8 ಅಡಿ ಉದ್ದ, 5 ಅಡಿ ಅಗಲ, ಸಾಮಾನೆಲ್ಲ ಸೇರಿ 600 ಕೆಜಿ. 40×40 ಚೌಕ ಪೈಪು, 2 ಎಂಎಂ ದಪ್ಪದ್ದು ಸಾಕಾ? 6013 ನಂಬರಿನ ವೆಲ್ಡಿಂಗ್ ರಾಡಲ್ಲೇ ಮುಗಿಸಬಹುದಾ? ನನ್ನ ಬೆಸುಗೆಯ ಫೋಟೊ ಹಾಕಿದ್ದೇನೆ, ಬೈಬೇಡಿ.

ಉತ್ತರ: ಬೈಯಲ್ಲ. ಮಣಿ, ಅಂದ್ರೆ ಬೆಸುಗೆಯ ಸಾಲು, ಮೇಲ್ನೋಟಕ್ಕೆ ಚೆನ್ನಾಗೇ ಇದೆ. ಆದರೆ ಗೇಟು ಜೀವಮಾನದಲ್ಲಿ ಒಂದೇ ಕಡೆ ನಿಂತಿರುತ್ತೆ, ಟ್ರೇಲರ್ ಹಾಗಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ಟ್ರಾಲಿ ಕಟ್ಟೋನು, ರಿಪೇರಿ ಮಾಡೋನು. ಕಬ್ಬಿನ ಸೀಜನ್ನಿನಲ್ಲಿ ನಮ್ಮ ಶೆಡ್ಡಿಗೆ ಬರೋ ಹತ್ತು ಟ್ರಾಲಿಯಲ್ಲಿ ಆರೇಳು ಬಿರುಕು ಬಿಟ್ಟಿರೋದು ಒಂದೇ ಜಾಗದಲ್ಲಿ: ಮೂಕಿ, ಅಂದ್ರೆ ಗಾಡಿ ಎಳೆಯೋ ಮುಂದಿನ ದಂಡ, ಬಂದು ಫ್ರೇಮಿನ ಮೊದಲ ಅಡ್ಡಪಟ್ಟಿಗೆ ಸೇರೋ ಕಡೆ. ರಸ್ತೆಯ ಉಬ್ಬಿಗೆ ಟ್ರಾಲಿ ಎಗರಿದಾಗಲೆಲ್ಲ ಮೂಕಿ ಅಲ್ಲೇ ಬಗ್ಗಿ ನೆಟ್ಟಗಾಗುತ್ತೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಅದೇ ಕಥೆ, ಸ್ವಲ್ಪ ನಿಧಾನ.

ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೆ. ಮೂಕಿಯನ್ನ ಮೊದಲ ಅಡ್ಡಪಟ್ಟಿಗೆ ತಾಗಿಸಿ, ಸುತ್ತ ಸುತ್ತಿ ದಪ್ಪಗೆ ಬೆಸೆದೆ. ಗಟ್ಟಿಯಾಗ್ಲಿ ಅಂತ ಮೇಲೊಂದು ಚೌಕ ತುಂಡು ಬೇರೆ ಹೊಡೆದೆ. ಎರಡನೇ ಸೀಜನ್ನಿಗೆ ಆ ತುಂಡಿನ ಅಂಚಿಗೇ, ಬ್ಲೇಡಲ್ಲಿ ಕೊಯ್ದ ಹಾಗೆ ಬಿರುಕು. ಬೆಸುಗೆ ಹಾಗೇ ಇತ್ತು, ಹರಿದಿದ್ದು ಪಕ್ಕದ ಕಬ್ಬಿಣ.

ನಿಮ್ಮದರಲ್ಲಿ ಮೂಕಿಯ ಎರಡೂ ಪೈಪುಗಳು ಮೊದಲ ಅಡ್ಡಪಟ್ಟಿಗೆ ನಿಲ್ಲಬಾರದು. ಅದರ ಕೆಳಗೆ ಹಾದು ಸ್ಪ್ರಿಂಗಿನ ಮುಂದಿನ ಬ್ರಾಕೆಟ್ಟಿನವರೆಗೆ ಹೋಗಬೇಕು. ದಾಟೋ ಕಡೆ ಮೂಕಿಯ ಉದ್ದಕ್ಕೆ ಬೆಸೀರಿ, ಅಡ್ಡಕ್ಕೆ ಬೆಸೀಬೇಡಿ. ತೇಪೆ ಹಾಕಲೇಬೇಕು ಅಂದ್ರೆ ತುದಿ ಚೂಪಾಗಿ ಕತ್ತರಿಸಿ ಹಾಕಿ, ಭಾರ ಮೆಲ್ಲಗೆ ದಾಟಲಿ. 40×40, 2 ಎಂಎಂ ಪೈಪು ಮೇಲಿನ ಪೆಟ್ಟಿಗೆಗೆ ಆಗುತ್ತೆ, ಕೆಳಗೆ ಬೇಡ. ಮೂಕಿಗೂ ಉದ್ದದ ಪಟ್ಟಿಗೂ 100×50, 3 ಎಂಎಂ ತಗೊಳ್ಳಿ. ಮೀಟರಿಗೆ ಆರೂವರೆ ಕೆಜಿ ಮೇಲೆ ಬರುತ್ತೆ. ಅಡ್ಡಪಟ್ಟಿಗೆ 50×50 ಸಾಕು. ಎಲ್ಲ ಸೇರಿ ಫ್ರೇಮು ನೂರು ಕೆಜಿ ಆಸುಪಾಸು.

ಪ್ರಶ್ನೆ ಕೇಳಿದವರು: ಚಕ್ರದ ಅಚ್ಚು ಫ್ರೇಮಿನ ಸರಿ ಮಧ್ಯಕ್ಕೆ ಕೂರಿಸಿದರೆ ಆಯ್ತಲ್ವಾ?

ಉತ್ತರ: ಎತ್ತಿನಗಾಡಿ ಹೂಡಿದ ಯಾರನ್ನಾದರೂ ಕೇಳಿ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕುತ್ತಿಗೆ ಬಿಟ್ಟು ಏಳುತ್ತೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣು. ಬೊಲೆರೊಗೆ ಹುಣ್ಣಾಗಲ್ಲ, ಆದರೆ ಹಿಂಭಾರದ ಟ್ರೇಲರ್ ವೇಗದಲ್ಲಿ ಬಾಲ ಆಡಿಸೋಕೆ ಶುರುಮಾಡಿದರೆ ಕಾರನ್ನೂ ಎಳ್ಕೊಂಡು ಹೋಗುತ್ತೆ. ಒಟ್ಟು ತೂಕದ ನೂರಕ್ಕೆ ಹತ್ತು ಭಾಗ ಟ್ರೇಲರ್ ಕಾರಿಗೆ ಸೇರೋ ಕೊಕ್ಕೆ ಮೇಲೆ ಕೂರಬೇಕು. ನಿಮಗೆ 60 ಕೆಜಿ.

ಲೆಕ್ಕ ಸುಲಭ. ಕೊಕ್ಕೆಯಿಂದ ಅಚ್ಚಿಗೆ 9 ಅಡಿ ಇದ್ದರೆ, ತುಂಬಿದ ಗಾಡಿಯ ತೂಕದ ಮಧ್ಯ ಅಚ್ಚಿನ ಮುಂದೆ 11 ಇಂಚಿಗೆ ಬರಬೇಕು. ನಿಮ್ಮ ಅಡುಗೆಮನೆ ಹಿಂದೆ ಇದೆ, ಅದೇ ತಾಪತ್ರಯ. 40 ಲೀಟರ್ ನೀರಿನ ಟ್ಯಾಂಕನ್ನ ಅಚ್ಚಿನ ಹಿಂದೆ 3 ಅಡಿಗೆ ಇಟ್ಟರೆ ಕೊಕ್ಕೆಯ ಮೇಲಿನ ಭಾರದಲ್ಲಿ 13 ಕೆಜಿ ಹೋಯ್ತು. ಟ್ಯಾಂಕು ಮುಂದಕ್ಕೆ ಹಾಕಿ. ಸ್ಪ್ರಿಂಗ್ ಬ್ರಾಕೆಟ್ಟುಗಳನ್ನ ಮೊದಲೇ ಪೂರ್ತಿ ಬೆಸೀಬೇಡಿ. ಟ್ಯಾಕ್ ಹೊಡೆದು, ಅಂದ್ರೆ ಚುಕ್ಕಿಯಷ್ಟೇ ಬೆಸೆದು, ಅಚ್ಚು ಬರೋ ನೇರಕ್ಕೆ ಫ್ರೇಮಿನ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಹಾಸಿಗೆ ಸಿಲಿಂಡರ್ ನೀರು ಎಲ್ಲ ಅದರದರ ಜಾಗದಲ್ಲಿ ಇಟ್ಟು, ಕೊಕ್ಕೆ ಕೆಳಗೆ ಮನೆಯಲ್ಲಿರೋ ತೂಕದ ಮಷೀನ್ ಇಟ್ಟು ನೋಡಿ. ಮಷೀನ್ ಮೇಲೆ ಮರದ ದಿಮ್ಮಿ ಇಡಿ, ಇಲ್ಲಾಂದ್ರೆ ಅದರ ಗಾಜು ಒಡೆದು ಮನೆಯವರು ನಿಮ್ಮನ್ನ ತೂಗ್ತಾರೆ.

ಇನ್ನೊಬ್ಬ ಸದಸ್ಯರು: ರೋಡಿಗೆ ಬೀಳೋದು ಅಂದ್ರೆ 7018 ಅಲ್ಲದೆ ಬೇರೆ ರಾಡ್ ಮುಟ್ಟಬಾರದು ಸರ್. 6013 ಗ್ರಿಲ್ಲಿಗೆ.

ಉತ್ತರ: ಅರ್ಧ ಸರಿ. 7018 ಒಳ್ಳೆ ರಾಡು, ಆದರೆ ಒಣಗಿರಬೇಕು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಅಟ್ಟದ ಮೇಲಿಟ್ಟ 7018, 6013ಕ್ಕಿಂತ ಕೆಟ್ಟದ್ದು. ತೇವ ಹೀರಿದ ರಾಡನ್ನ 300 ಡಿಗ್ರಿ ಮೇಲೆ ಓವನ್ನಿನಲ್ಲಿ ಕಾಯಿಸಬೇಕು, ಬಿಸಿಲಿಗಿಟ್ಟರೆ ಆಗಲ್ಲ. 3 ಎಂಎಂ ಮೈಲ್ಡ್ ಸ್ಟೀಲಿಗೆ 6013ರ ಲೋಹ ಬೇಕಾದಷ್ಟು ಗಟ್ಟಿ. ಬೆಸುಗೆ ಸೋಲೋದು ಕರಗಿದ ಲೋಹ ಒಳಗೆ ಇಳಿಯದೇ ಇರೋದರಿಂದ. ಇವರ ಫೋಟೊದಲ್ಲೂ ನನಗೆ ಅದೇ ಅನುಮಾನ. ಮಣಿ ಉಬ್ಬಿದೆ, ಅಂಚು ಕಬ್ಬಿಣದ ಮೇಲೆ ಕೂತ ಹಾಗಿದೆ, ಕರಗಿ ಬೆರೆತ ಹಾಗಿಲ್ಲ. ಆಂಪ್ಸ್ ಎಷ್ಟು ಇಟ್ಟಿದ್ರಿ?

ಪ್ರಶ್ನೆ ಕೇಳಿದವರು: 2.5 ಎಂಎಂ ರಾಡು, 60. ಪೈಪು ತೂತಾಗುತ್ತೆ ಅಂತ ಭಯ.

ಉತ್ತರ: ಗ್ರಿಲ್ ಮಾಡಿ ಮಾಡಿ ಬಂದ ಭಯ ಅದು. 3 ಎಂಎಂಗೆ 80ರಿಂದ ಶುರುಮಾಡಿ. ಒಂದು ಪರೀಕ್ಷೆ ಹೇಳ್ತೀನಿ. ಅದೇ ದಪ್ಪದ ಎರಡು ಪಟ್ಟಿ ತಗೊಂಡು ಇಂಗ್ಲಿಷಿನ ಟಿ ಆಕಾರಕ್ಕೆ ನಿಲ್ಲಿಸಿ, ಒಂದೇ ಪಕ್ಕ ಬೆಸೀರಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ಪಟ್ಟಿ ಬೆಸುಗೆಯ ಕಡೆಗೇ ಮಲಗೋ ಹಾಗೆ ಸುತ್ತಿಗೆಯಲ್ಲಿ ಹೊಡೀರಿ. ಬಗ್ಗಿ ಮಡಚಿಕೊಂಡರೆ ಸಂತೋಷ. ಮುರಿದರೆ ಮುರಿದ ಜಾಗ ನೋಡಿ. ಮೂಲೆಯಲ್ಲಿ ಪಟ್ಟಿಯ ಅಂಚು ಅಂಗಡಿಯಿಂದ ಬಂದ ಹಾಗೇ ನೇರ ಗೆರೆಯಾಗಿ ಕಂಡರೆ ರಾಡು ಅಲ್ಲಿಗೆ ಇಳಿದೇ ಇಲ್ಲ. ಎಲ್ಲ ಕಡೆ ಹರಿದ, ಕಾಳುಕಾಳಾದ ಬೂದು ಕಬ್ಬಿಣ ಕಂಡರೆ ಬೆರೆತಿದೆ.

ಬೆಸೆಯೋ ಮುಂಚೆ ಕಪ್ಪು ಪೊರೆ, ಬಣ್ಣ ಎಲ್ಲ ಗ್ರೈಂಡರಲ್ಲಿ ತೆಗೀರಿ. ಮೊದಲು ಎಲ್ಲ ಟ್ಯಾಕ್ ಮಾಡಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಅಳತೆ ಸರಿಯಿದೆಯಾ ನೋಡಿ. ಆಮೇಲೆ ಒಂದು ಈ ಮೂಲೆ, ಇನ್ನೊಂದು ಎದುರು ಮೂಲೆ ಅಂತ ಬೆಸೀರಿ. ಒಂದೇ ಕಡೆಯಿಂದ ಎಳ್ಕೊಂಡು ಹೋದರೆ ಫ್ರೇಮು ಹಪ್ಪಳ ಸೊಟ್ಟಗಾದ ಹಾಗೆ ಆಗುತ್ತೆ. ಚಕ್ರ ಹಾಕಿದ ಮೇಲೆ ಬೆಸೆಯೋ ಕೆಲಸ ಉಳಿದರೆ ಅರ್ತಿಂಗ್ ಕ್ಲ್ಯಾಂಪನ್ನ ಚಕ್ರದ ಹಬ್‌ಗೆ ಹಾಕಬೇಡಿ, ಕರೆಂಟು ಬೇರಿಂಗಿನೊಳಗೆ ಹಾದು ಕಚ್ಚು ಬೀಳಿಸುತ್ತೆ. ಲೀಫ್ ಸ್ಪ್ರಿಂಗಿಗೆ ರಾಡು ತಾಗಿಸಲೇಬೇಡಿ.

ಇನ್ನೊಬ್ಬ ಸದಸ್ಯರು: ಸತು ಲೇಪಿಸಿದ ಜಿಐ ಪೈಪಲ್ಲಿ ಮಾಡಿದರೆ ತುಕ್ಕಿನ ಚಿಂತೆ ಇರಲ್ಲ ಅಲ್ವಾ?

ಉತ್ತರ: ಬೆಸೆದ ಕಡೆ ಸತು ಸುಟ್ಟೇ ಹೋಗಿರುತ್ತೆ, ತುಕ್ಕು ಅಲ್ಲಿಂದಲೇ ಶುರು. ಆ ಬಿಳಿ ಹೊಗೆ ಕುಡಿದರೆ ಸಾಯಂಕಾಲ ಚಳಿಜ್ವರ. ಬೆಲ್ಲ ತಿಂದರೆ ಇಳಿಯುತ್ತೆ ಅಂತ ನಮ್ಮ ಹುಡುಗರೂ ನಂಬಿದ್ದಾರೆ, ಬೆಲ್ಲ ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಸಾದಾ ಪೈಪು, ಒಳ್ಳೆ ಪ್ರೈಮರ್, ಸಾಕು.

ಇನ್ನೊಬ್ಬ ಸದಸ್ಯರು: ಆರ್‌ಟಿಒ ಹಿಡಿಯಲ್ವಾ?

ಉತ್ತರ: ಇದನ್ನ ಮೊದಲೇ ಹೇಳಬೇಕಿತ್ತು, ವೆಲ್ಡಿಂಗ್ ಮಾತು ಬಂದರೆ ನನಗೆ ಬೇರೆ ನೆನಪಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅಂತ 2(28)ನೇ ಕಲಮಿನ ವ್ಯಾಖ್ಯೆಯಲ್ಲೇ ಇದೆ. ನೋಂದಣಿ ಇಲ್ಲದೆ ರಸ್ತೆಗೆ ಇಳಿಸೋ ಹಾಗಿಲ್ಲ. ನೋಂದಣಿಗೆ ಫಾರಂ 22 ಕೇಳ್ತಾರೆ, ಗಾಡಿ ನಿಯಮದ ಪ್ರಕಾರ ಇದೆ ಅಂತ ತಯಾರಕರು ಕೊಡೋ ಪ್ರಮಾಣಪತ್ರ ಅದು. ಮನೆ ಹಿತ್ತಲಲ್ಲಿ ಬೆಸೆದೋರಿಗೆ ಅದನ್ನ ಯಾರು ಕೊಡ್ತಾರೆ?

ನನ್ನನ್ನ ಕೇಳಿದರೆ, ಮಂಜೂರಾತಿ ಇರೋ ತಯಾರಕರಿಂದ ಅಚ್ಚು, ಬ್ರೇಕು, ಮೂಕಿ ಸಮೇತ ಕೆಳಗಿನ ಚಾಸಿ ದಾಖಲೆಯೊಂದಿಗೆ ಕೊಳ್ಳಿ. ಮೇಲಿನ ಪೆಟ್ಟಿಗೆ ನೀವು ಮಾಡಿ, ನಿಮ್ಮ 40×40 ಅಲ್ಲಿ ಬಳಸಿ. ಅದನ್ನ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿ, ಒಂದು ಟ್ಯಾಕ್ ಕೂಡ ಹೊಡೀಬೇಡಿ. ಕಬ್ಬಿಣ ತರೋ ಮುಂಚೆ ಆ ಪೆಟ್ಟಿಗೆಯ ನಕ್ಷೆ ಹಿಡ್ಕೊಂಡು ಆರ್‌ಟಿಒಗೆ ಹೋಗಿ ಕೇಳಿ.

ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಸರ್. ಮೂಕಿ ನಾನೇ ಮಾಡಬೇಕು ಅಂತಿದ್ದೆ, ಸ್ವಲ್ಪ ಬೇಜಾರಾಯ್ತು. ಪೆಟ್ಟಿಗೆ ಅಂತೂ ನಂದೇ. ಈ ಭಾನುವಾರ ಟಿ ತುಂಡು ಬೆಸೆದು ಫೋಟೊ ಹಾಕ್ತೀನಿ.

ಉತ್ತರ: ಬೆಸೆದಿದ್ದರ ಫೋಟೊ ಬೇಡ, ಮುರಿದಿದ್ದರ ಫೋಟೊ ಹಾಕಿ. ಹತ್ತಿರದಿಂದ ತೆಗೀರಿ, ಮೂಲೆ ಕಾಣ್ಬೇಕು.