ಸಹಾಯ ಬೇಕು: ಹೀಟ್ ಪಂಪ್ ಓಡುತ್ತಲೇ ಇದೆ, ಮನೆ ಬೆಚ್ಚಗಾಗುತ್ತಿಲ್ಲ (ಲೀಡ್ಸ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಇಟ್ಟಿಗೆ ಮನೆ. ಗ್ಯಾಸ್ ಬಾಯ್ಲರ್ ತೆಗೆಸಿ ಏರ್ ಸೋರ್ಸ್ ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಶಾಖ ಎಳೆದು ನೀರು ಬಿಸಿ ಮಾಡುವ ಯಂತ್ರ) ಹಾಕಿಸಿದ್ದೇವೆ. ಬಿಸಿನೀರು ಹರಿದು ಕೋಣೆ ಬೆಚ್ಚಗೆ ಮಾಡುವ ರೇಡಿಯೇಟರ್‌ಗಳು ಹಳೆಯವೇ. ಹೊರಗೆ 2 ಡಿಗ್ರಿಗೆ ಇಳಿದರೆ ಒಳಗೆ 17 ದಾಟುವುದೇ ಇಲ್ಲ. ಕರೆಂಟ್ ಬಿಲ್ ಬೇರೆ ಜಾಸ್ತಿ. ಊರಿಂದ ಬಂದಿರುವ ಅಮ್ಮ ಚಳಿಯಲ್ಲಿ ನಡುಗುತ್ತಿದ್ದಾರೆ, ನೋಡಿದರೆ ಸಂಕಟವಾಗುತ್ತದೆ.

ರೇಡಿಯೇಟರ್‌ಗಳಿಗೆ 45 ಡಿಗ್ರಿಯಲ್ಲಿ ಹೋದ ನೀರು 35ಕ್ಕೆ ತಣ್ಣಗಾಗಿ ವಾಪಸ್ ಬರುತ್ತಿದೆ. ಸಾಮಾನ್ಯವಾಗಿ 5 ಡಿಗ್ರಿ ವ್ಯತ್ಯಾಸ ಇರಬೇಕು, ಅಲ್ವಾ? ನೀರಿನ ಹರಿವು ಕಡಿಮೆ ಅನ್ನಿಸುತ್ತದೆ. ನೀರಿನ ಪೈಪಿನ ಫಿಲ್ಟರ್ ಕಟ್ಟಿಕೊಂಡಿರಬಹುದಾ? ಹೊರಗಿನ ಯೂನಿಟ್ ಮೇಲೆ ಕಟ್ಟುವ ಹಿಮ ಡಿಫ್ರಾಸ್ಟ್ ಆದಾಗ ಪೂರ್ತಿ ಕರಗುತ್ತದೆ, ಅಲ್ಲಿ ತೊಂದರೆ ಕಾಣುತ್ತಿಲ್ಲ.

ಹಾಕಿದವರು ನೀರನ್ನು 55ಕ್ಕೆ ಏರಿಸಿ ಅಂತಾರೆ. ಹಾಗೆ ಮಾಡಿದರೆ ಕರೆಂಟ್ ಇನ್ನೂ ಜಾಸ್ತಿ ಎಳೆಯುತ್ತದೆ. ಬಾಯ್ಲರ್‌ನ 70 ಡಿಗ್ರಿ ನೀರಿಗೆ ಲೆಕ್ಕ ಹಾಕಿದ ರೇಡಿಯೇಟರ್ 45ರಲ್ಲಿ ಅರ್ಧದಷ್ಟು ಶಾಖವನ್ನೂ ಕೊಡುವುದಿಲ್ಲ. ಮೊದಲು ಫಿಲ್ಟರ್ ತೊಳೆಸಲಾ, ದೊಡ್ಡ ರೇಡಿಯೇಟರ್ ಹಾಕಿಸಲಾ? ಅನುಭವ ಇರುವವರು ದಯವಿಟ್ಟು ಹೇಳಿ.