ಸಿನಿಮಾ ನೋಡಿ ನೋಡಿ ಕವಿತೆ ಶಾಟ್‌ಗಳ ಪಟ್ಟಿ ಆಗ್ತಿದೆಯಾ?

ಅರ್ಧಸಾಲು
ಭಾನುವಾರ ಬಸವನಗುಡಿಯಲ್ಲಿ ಗೆಳೆಯರ ಮುಂದೆ ಒಂದು ಕವಿತೆ ಓದಿದೆ. ಒಬ್ಬರು "ಇದು ಕವಿತೆ ಅಲ್ಲ, ಶಾಟ್‌ಗಳ ಪಟ್ಟಿ" ಅಂದುಬಿಟ್ಟರು. ಸಿಟ್ಟೇನೋ ಬಂತು, ಆದರೆ ವಾಪಸ್ ಬರುವಾಗ ಬಸ್ಸಲ್ಲಿ ಕೂತು ಓದಿಕೊಂಡರೆ ಅವರು ಹೇಳಿದ್ದೇ ಸರಿ ಇರಬಹುದು ಅನ್ನಿಸಿತು. ಗಾಂಧಿ ಬಜಾರಿನ ಹೂವಿನ ಅಜ್ಜಿ ಮೇಲೆ ಬರೆದದ್ದು. ಕೊನೆ ಹೀಗಿದೆ:

ಮಳೆ ನಿಂತಿತು.
ಅಜ್ಜಿ ಬುಟ್ಟಿ ಮೇಲಿನ ಪ್ಲಾಸ್ಟಿಕ್ ಸರಿಸಿದಳು.
ಆರಿದ ದೀಪದ ಹಾಗೆ ಅವಳ ಮುಖ.

ಸಿನಿಮಾ ನೋಡಿ ಬೆಳೆದವರು ಬರೆದರೆ ಹೀಗೇ ಆಗೋದಾ?

ಹಳೇ ಟಾಕೀಸು
ಶಾಟ್ ಇರೋದು ತಪ್ಪಲ್ಲ. ಎರಡು ಶಾಟ್ ಚೆನ್ನಾಗಿ ಇಟ್ಟು, ಮೂರನೇ ಸಾಲಲ್ಲಿ ನೀವೇ ಎದ್ದು ಬಂದು ಅರ್ಥ ಹೇಳಿದ್ದೀರಿ, ಅದು ತಪ್ಪು. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿ ತೋರಿಸಿದ್ದರಂತೆ. ಮುಖ ಬದಲಾಗಿರಲಿಲ್ಲ, ಆದರೂ ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ. ಆ 'ಹಾಗೆ' ಕಿತ್ತು ಹಾಕಿ. "ಎದುರಂಗಡಿಯ ಶಟರ್ ಇಳಿಯಿತು" ಅಂತಷ್ಟೇ ಬರೆದು ನೋಡಿ, ಸಾಕು.

ಕಾಗುಣಿತ
ಶಟರ್ ಸಾಲು ಚೆನ್ನಾಗಿದೆ. ಆದರೆ ಎಲ್ಲವನ್ನೂ ಸಿನಿಮಾದ ಲೆಕ್ಕಕ್ಕೆ ಬರೆಯಬೇಡಿ ಮಾರಾಯರೇ. ಅದೇ ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ 1929ರಲ್ಲಿ ಮೊಂಟಾಜ್ (ಶಾಟ್ ಪಕ್ಕ ಶಾಟ್ ಜೋಡಿಸಿ ಹೊಸ ಅರ್ಥ ಹುಟ್ಟಿಸೋದು) ವಿವರಿಸೋಕೆ ಹೊರಟಾಗ ಉದಾಹರಣೆಗೆ ಎತ್ತಿಕೊಂಡದ್ದೇ ಜಪಾನಿನ ಹೈಕು ಎಂಬ ಮೂರು ಸಾಲಿನ ಪುಟ್ಟ ಕವಿತೆಗಳನ್ನು. ಅಂದರೆ ಸಾಲ ಕೊಟ್ಟದ್ದು ಕವಿತೆ, ನಾವೀಗ ಅದನ್ನೇ ಬಡ್ಡಿ ಸಮೇತ ವಾಪಸ್ ತರುತ್ತಿದ್ದೇವೆ. ನಮ್ಮಲ್ಲೂ ಎರಡೂ ಕಡೆ ಓಡಾಟ ಇತ್ತು, 1970ರ 'ಸಂಸ್ಕಾರ' ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ಮೂಲತಃ ತೆಲುಗು ಕವಿ, ಲಂಕೇಶ್ ಕವಿತೆಯನ್ನೂ ಬರೆದರು, 'ಪಲ್ಲವಿ' ಸಿನಿಮಾವನ್ನೂ ಮಾಡಿದರು.

ನನ್ನ ತಕರಾರು ಬೇರೆ. ಇಡೀ ಕವಿತೆಯಲ್ಲಿ ಬರೀ ಕಣ್ಣು ಕೆಲಸ ಮಾಡಿದೆ. ಪ್ಲಾಸ್ಟಿಕ್ ಸರಿಸಿದಾಗ ಮಡಿಕೆಯಲ್ಲಿ ನಿಂತ ನೀರು ಯಾರ ಕಾಲ ಮೇಲೆ ಬಿತ್ತು? ತಣ್ಣಗಿತ್ತಾ? ಹೂವಿನ ವಾಸನೆ ಎಲ್ಲಿ? ಕ್ಯಾಮೆರಾಗೆ ಮೂಗಿಲ್ಲ, ನಿಮಗಿದೆ ಅಲ್ವಾ?

ಹಳೇ ಟಾಕೀಸು
ಇದನ್ನು ಒಪ್ಪಿದೆ. ನೀರಿನ ಸಾಲು ಬರಲೇಬೇಕು.

ಅರ್ಧಸಾಲು
ದೀಪ ಹೋಯಿತು, ಶಟರ್ ಬಂತು. ನೀರು ನನ್ನ ಚಪ್ಪಲಿ ಮೇಲೇ ಬಿದ್ದಿತ್ತು, ಅದನ್ನು ಯಾಕೆ ಬಿಟ್ಟೆನೋ ಗೊತ್ತಿಲ್ಲ. ವಾಸನೆ ಮಾತ್ರ ಕಷ್ಟ. ಅಜ್ಜಿ ಮಾರೋದು ಕನಕಾಂಬರ.