ನೋಹನ ನಾವೆಯ ಚಿತ್ರದಲ್ಲಿ ಮುಳುಗಿದವರು ಯಾಕಿಲ್ಲ?

ಗೋಪಾಳದ ಅಮ್ಮ: ಸಂಡೇ ಸ್ಕೂಲಿನಲ್ಲಿ ಮಗಳಿಗೆ ಚಿತ್ರದ ಬೈಬಲ್ ಬಹುಮಾನ ಬಂತು. ನಾಲ್ಕು ವರ್ಷದವಳು. ಜಲಪ್ರಳಯದಲ್ಲಿ ಲೋಕವೆಲ್ಲ ಮುಳುಗಿದಾಗ ನಾವೆ ಕಟ್ಟಿ ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿದ ನೋಹನ ಕಥೆಯ ಪುಟದ ಫೋಟೊ ಹಾಕಿದ್ದೇನೆ, ನೋಡಿ. ಟಬ್ಬಿನಂಥ ದೋಣಿ, ಕತ್ತು ಹೊರಗೆ ಚಾಚಿದ ಎರಡು ಜಿರಾಫೆ, ಹಲ್ಲು ಬಿಡುವ ಆನೆ, ಕಾಮನಬಿಲ್ಲು. ನೀರಲ್ಲಿ ಒಬ್ಬರೂ ಇಲ್ಲ. ಅವಳು ಕೇಳಿದ್ದು ಒಂದೇ: "ಪಕ್ಕದ ಮನೆಯವರು ಎಲ್ಲಮ್ಮ?" ಹೀಗೆ ಅರ್ಧ ಕಥೆ ಹೇಳೋದಾದರೆ ಆ ಕಥೆಯೇ ಬೇಡ. ಕಳೆದುಹೋದ ಕುರಿ ಹುಡುಕಿದ ಕುರುಬನದ್ದೋ, ಗಾಯಗೊಂಡವನಿಗೆ ಆಸರೆಯಾದ ಸಮಾರ್ಯದವನದ್ದೋ ಕೊಡಲಿ. ಏನಂತೀರಿ?

ತೀರ್ಥಹಳ್ಳಿ ಮಾಣಿ: "ಅರ್ಧ ಕಥೆ" ಅಂತೀರಲ್ಲ ಮೇಡಂ, ಉಳಿದರ್ಧ ಏನು ಹಾಕಬೇಕಿತ್ತು? ತೇಲುವ ಹೆಣಾನಾ? ಮಗು ರಾತ್ರಿ ನಿದ್ದೆ ಮಾಡಬೇಡ್ವಾ? ದಾವೀದನ ಕಥೆಯೂ ಹಾಗೇ. ಕವಣೆ ಬೀಸಿದ, ಗೊಲ್ಯಾತ ಬಿದ್ದ, ಮುಗಿಯಿತು. ಆಮೇಲೆ ಗೊಲ್ಯಾತನ ಕತ್ತಿಯನ್ನೇ ಹಿರಿದು ಅವನ ತಲೆ ಕಡಿದದ್ದನ್ನು ಯಾವ ತಾಯಿ ಓದಿ ಹೇಳುತ್ತಾಳೆ? ದೊಡ್ಡವರಾದ ಮೇಲೆ ತಾವೇ ಓದಿಕೊಳ್ಳುತ್ತಾರೆ.

ಬಯಲಾಟ ಪ್ರಿಯ: "ನಿದ್ದೆ ಮಾಡಬೇಡ್ವಾ" ಅಂದದ್ದಕ್ಕೆ ನಗು ಬಂತು. ನಮ್ಮ ಕಡೆ ದೇವಿ ಮಹಾತ್ಮೆ ಯಕ್ಷಗಾನದ ಆಟ ಇದ್ದರೆ ಮಕ್ಕಳದ್ದೇ ಮುಂದಿನ ಸಾಲು. ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿಂದಲೇ ಆರ್ಭಟಿಸಿಕೊಂಡು ಬರುತ್ತಾನೆ. ಕಿರುಚುತ್ತವೆ, ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಮರುದಿನ ಅಂಗಳದಲ್ಲಿ ತಾವೇ ಕೊಂಬು ಕಟ್ಟಿಕೊಂಡು ಕುಣಿಯುತ್ತವೆ. ನಿಮ್ಮ ಮಕ್ಕಳೇನು ಗಾಜಿನವಾ?

ಹಳೇ ಟೀಚರ್: ಆಟದ ಮಾತು ಇರಲಿ. "ಎರಡು ಜಿರಾಫೆ" ಅಂತ ಬರೆದಿದ್ದಾರೆ, ಯಾರೂ ಗಮನಿಸಲಿಲ್ಲ. ಆದಿಕಾಂಡ 7ನೇ ಅಧ್ಯಾಯ, 2ನೇ ವಚನ ತೆಗೆಯಿರಿ. ಶುದ್ಧ, ಅಂದರೆ ತಿನ್ನಲು ಸಲ್ಲುವ, ಪ್ರಾಣಿಗಳಾದರೆ ಏಳೇಳು. ಇನ್ನು ನಾವೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ, ಒಳಗೆ ಮೂರು ಅಂತಸ್ತು. ಇದು ಟಬ್ಬಾ? ಮೊದಲು ಇದನ್ನು ಸರಿ ಮಾಡಲಿ.

ತೀರ್ಥಹಳ್ಳಿ ಮಾಣಿ: ಸಾರ್, 6ನೇ ಅಧ್ಯಾಯದಲ್ಲಿ ಎರಡೆರಡು ಅಂತಲೇ ಇದೆ. ಅದನ್ನು ಮೆಲ್ಲಗೆ ಹಾರಿಸಿಬಿಟ್ಟಿರಿ! ಆ ಪುಟದಲ್ಲಿ ತಪ್ಪೇನಾದರೂ ಇದ್ದರೆ ಮಳೆಯದ್ದು. ನಲವತ್ತು ದಿನ ಸುರಿದ ಮಳೆಗೆ ನಾಲ್ಕು ನೀಲಿ ಗೆರೆ. ರಾಜ್ಯದಲ್ಲೇ ಜಾಸ್ತಿ ಮಳೆ ಬೀಳುವ ಆಗುಂಬೆ ನಮ್ಮದು, ಇಲ್ಲಿನ ಮಕ್ಕಳು ಇದನ್ನು ಮಳೆ ಅಂತ ಒಪ್ಪಲ್ಲ.

ಹೊಸನಗರದವ: "ರಾಜ್ಯದಲ್ಲೇ ಜಾಸ್ತಿ"? ಯಾವ ಕಾಲದಲ್ಲಿದ್ದೀರಿ ಮಾರಾಯ್ರೆ? ಈಚೆಗೆ ಎಷ್ಟೋ ವರ್ಷ ನಮ್ಮ ಹುಲಿಕಲ್ ಆಗುಂಬೆಯನ್ನು ಹಿಂದೆ ಹಾಕಿದೆ. ಪೇಪರ್ ಓದಿ.

ತೀರ್ಥಹಳ್ಳಿ ಮಾಣಿ: ಪೇಪರ್ ಓದಿಯೇ ಹೇಳ್ತಿದ್ದೀನಿ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿಲಿಮೀಟರ್. ದಕ್ಷಿಣದ ಚಿರಾಪುಂಜಿ ಅಂತ ಸುಮ್ನೆ ಕರೆಯಲ್ಲ. ಹುಲಿಕಲ್‌ನಲ್ಲಿ ಆಗ ಅಳೆಯುವವರಾದರೂ ಇದ್ರಾ?

ಹೊಸನಗರದವ: ಅಳೆಯುವವರು ಇಲ್ಲ ಅಂದ್ರೆ ಮಳೆಯೇ ಇರಲಿಲ್ಲ ಅಂತಾನಾ? ಒಳ್ಳೆ ಲೆಕ್ಕ ನಿಮ್ಮದು. ನಮ್ಮಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಅರ್ಧ ದಿನ ಹೊಳವು ಸಿಕ್ಕಲ್ಲ, ಕೊಳೆ ರೋಗ ಬಂದು ಉದುರುತ್ತೆ. ಅಜ್ಜನ ಕಾಲದ ಅಂಕಿ ಹಿಡಿದುಕೊಂಡು ಬಂದುಬಿಟ್ರು.

ತೀರ್ಥಹಳ್ಳಿ ಮಾಣಿ: ಕೊಳೆ ನಿಮ್ಮೊಬ್ಬರಿಗೇ ಬರೋದಾ? ನಮ್ಮ ತೋಟಕ್ಕೆ ಬನ್ನಿ, ತೋರಿಸ್ತೀನಿ. ಅಜ್ಜನ ಸುದ್ದಿಗೆ ಬಂದರೆ ಚೆನ್ನಾಗಿರಲ್ಲ.

ಪ್ರೆಸ್ಸಿನವ: ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ನನ್ನದು, ಕಂಪ್ಯೂಟರ್‌ನಲ್ಲಿ ಪುಟ ಜೋಡಿಸೋದು. ಇಂಥ ಪುಸ್ತಕ ಹೇಗೆ ಆಗುತ್ತದೆ ಅಂತ ಹೇಳ್ತೀನಿ. ಚಿತ್ರ ಯಾವುದೋ ದೇಶದಲ್ಲಿ ಬರೆದಿರುತ್ತದೆ. ಎಷ್ಟೋ ಭಾಷೆಗೆ ಅದೇ ಚಿತ್ರಗಳನ್ನು ಒಟ್ಟಿಗೆ ಮುದ್ರಿಸುತ್ತಾರೆ. ಅಕ್ಷರ ಎಲ್ಲಾ ಕಪ್ಪು ಬಣ್ಣದಲ್ಲೇ ಇರುತ್ತದೆ, ಕಪ್ಪಿನ ಪ್ಲೇಟ್ ಒಂದನ್ನು ಬದಲಾಯಿಸಿದರೆ ಸಾಕು, ಇಂಗ್ಲಿಷ್ ಪುಸ್ತಕ ಕನ್ನಡ ಪುಸ್ತಕ ಆಗುತ್ತದೆ. ಖರ್ಚು ಕಡಿಮೆ, ಅದಕ್ಕೇ ಬಹುಮಾನಕ್ಕೆ ಕೊಡೋದು. ಇಂಗ್ಲಿಷ್‌ಗೆ ಬಿಟ್ಟ ಜಾಗದಲ್ಲೇ ಕನ್ನಡ ತುರುಕಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಆಗ ಎರಡು ವಾಕ್ಯ ಹಾರಿಸುತ್ತಾರೆ. ಯೇಸುವಿಗೆ ನೀಲಿ ಕಣ್ಣು ಯಾಕೆ ಅನ್ನೋದಕ್ಕೂ ಉತ್ತರ ಇದೇ. ಮಳೆ ಜಾಸ್ತಿ ಬೇಕು ಅನ್ನುವವರು ಇಲ್ಲೇ ಚಿತ್ರ ಬರೆಸಿ, ದುಡ್ಡು ಹಾಕಿ.

ಬಯಲಾಟ ಪ್ರಿಯ: "ಎರಡು ವಾಕ್ಯ ಹಾರಿಸುತ್ತಾರೆ" ಅಂತ ನೀವೇ ಒಪ್ಪಿದಿರಿ. ದೇವರ ಪುಸ್ತಕದಲ್ಲಿ ಜಾಗ ಇಲ್ಲ ಅಂತ ಹಾರಿಸೋದಾ!

ಪ್ರೆಸ್ಸಿನವ: ನಾನು ಹಾರಿಸಿದೆ ಅಂತ ಎಲ್ಲಿ ಬರೆದೆ? ಓದಲು ಬರುತ್ತಾ?

ಗೋಪಾಳದ ಅಮ್ಮ: ಮಳೆ ಅಳೆಯುವವರು ದಯವಿಟ್ಟು ಬೇರೆ ಕಡೆ ಅಳೆಯಿರಿ. ಮಾಣಿಯವರೇ, ನಾನು ಹೆಣ ಕೇಳಲಿಲ್ಲ. ಒಂದು ಸಾಲು ಕೇಳಿದೆ. "ಬೇರೆಯವರು ಒಳಗೆ ಬರಲಿಲ್ಲ, ನೋಹನಿಗೆ ದುಃಖವಾಯಿತು" ಅಂತ ಹಾಕಲು ಎಷ್ಟು ಜಾಗ ಬೇಕು?

ತೀರ್ಥಹಳ್ಳಿ ಮಾಣಿ: ನೋಹನಿಗೆ ದುಃಖವಾಯಿತು ಅಂತ ಬೈಬಲ್ಲಿನಲ್ಲಿ ಎಲ್ಲಿದೆ, ವಚನ ಹೇಳಿ ನೋಡೋಣ. ಪುಸ್ತಕ ತಪ್ಪು ಅಂತ ಶುರು ಮಾಡಿ ಈಗ ನೀವೇ ಸೇರಿಸ್ತಿದ್ದೀರಿ.

ಹೊಸನಗರದವ: ಮೇಡಂ, "ಬೇರೆ ಕಡೆ" ಅನ್ನೋದು ಅವರಿಗೆ ಹೇಳಿ. ಮಳೆ ತೆಗೆದದ್ದು ಅವರು. ಹುಲಿಕಲ್ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಹಳೇ ಟೀಚರ್: ನನ್ನ ಏಳೇಳಕ್ಕೂ ಬಂದಿಲ್ಲ. ನೀರು ಇಳಿದ ಮೇಲೆ ನೋಹ ಶುದ್ಧ ಪ್ರಾಣಿಗಳನ್ನೇ ಬಲಿ ಕೊಟ್ಟ, 8ನೇ ಅಧ್ಯಾಯ. ಎರಡೇ ಇದ್ದಿದ್ದರೆ ಬಲಿಯ ದಿನವೇ ಕುರಿ ಜಾತಿ ಮುಗಿಯುತ್ತಿತ್ತು. ಮಾಣಿ, ಇದಕ್ಕೇನು ಹೇಳ್ತೀಯಪ್ಪಾ?